ನೀಲಿ ಬಾಲ, ಹಳದಿ ಬಾಲ

ಏನೂ ಗೊತ್ತಿಲ್ಲದೆ ಇರುವುದಕ್ಕೇ ಸಂಬಳ ಕೊಡುವ ಕೆಲಸಗಳು ಜಗತ್ತಿನಲ್ಲಿ ಎಷ್ಟಿವೆಯೋ ಕಾಣೆ. ಅಂಥದೊಂದು ಕೆಲಸ ಕಣ್ಣಕ್ಕನಿಗೆ ಸಿಕ್ಕಿತ್ತು. ಸಿಕ್ಕಿದ್ದಾದರೂ ಯಾರಿಗೆ ನೋಡಿ, ಎಲ್ಲವೂ ಗೊತ್ತಾಗದಿದ್ದರೆ ಅನ್ನ ಸೇರದ ಹೆಂಗಸಿಗೆ. ಅವಳಿದ್ದ ಕಟ್ಟಡದಲ್ಲಿ ಯಾರ ಮನೆಯ ಫ್ರಿಜ್ ಕೆಟ್ಟಿದೆ, ಯಾರ ಅಳಿಯ ಮುನಿಸಿಕೊಂಡು ಹೋಗಿದ್ದಾನೆ, ಯಾರ ಮಗ ಗಣಿತದಲ್ಲಿ ಡುಮ್ಕಿ ಹೊಡೆದಿದ್ದಾನೆ ಎಂಬುದೆಲ್ಲ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅವಳಿಗೆ ತಿಳಿದುಬಿಡುತ್ತಿತ್ತು. ತಿಳಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಮ್ಮಿ. ಅವನ ಪಾಲಿನದ್ದನ್ನೂ ಇವಳೇ ಆಡಿ ಮುಗಿಸುತ್ತಿದ್ದಳು.

ಕಣ್ಣಕ್ಕ ಅನ್ನುವುದು ಹಿಂದೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಟಿಕೊಂಡ ಹೆಸರು. ಅಲ್ಲಿ ಅವಳು ಚೆಕ್ಕಿಂಗ್ ಟೇಬಲ್ಲಿನಲ್ಲಿದ್ದಳು. ಹೊಲಿದು ಬಂದ ಅಂಗಿಯನ್ನು ಕೊಡವಿ ಹರಡಿದರೆ ಸಾಕು, ತಪ್ಪಿದ ಹೊಲಿಗೆ ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು. ಹೊಲಿಯುವವರು ಅವಳ ಮೇಲೆ ಹಲ್ಲು ಕಡಿಯುತ್ತಿದ್ದರು, ಊಟದ ಹೊತ್ತಿಗೆ ಮಾತ್ರ ಅವಳ ಪಕ್ಕದಲ್ಲೇ ಬಂದು ಕೂರುತ್ತಿದ್ದರು. ಸುದ್ದಿ ಬೇಕಲ್ಲ! ಆ ಫ್ಯಾಕ್ಟರಿ ಬಾಗಿಲು ಹಾಕಿದಾಗ, ಸಂಶೋಧನಾ ಸಂಸ್ಥೆಯೊಂದರಲ್ಲಿ ಇಲಿಗಳನ್ನು ನೋಡುವ ಕೆಲಸ ಖಾಲಿ ಇದೆ ಎಂದು ಯಾರೋ ಹೇಳಿದರು. ನೋಡುವುದೂ ಒಂದು ಕೆಲಸವೇ ಎಂದು ನಗುತ್ತಲೇ ಹೋದಳು. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಅವರು ಗಾಜಿನ ಪೆಟ್ಟಿಗೆಯಲ್ಲಿ ಒಂದು ಇಲಿಯನ್ನು ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ, ಏನೇನು ಕಂಡಿರಿ ಹೇಳಿ ಎಂದರು. ಇಲಿ ಬಾಯಾಡಿಸಿದ್ದು, ತಲೆ ಕೊಡವಿದ್ದು, ಎಡ ಮುಂಗಾಲು ಬಲದ್ದಕ್ಕಿಂತ ಮೊದಲು ಅದುರಿದ್ದು, ಎಲ್ಲವನ್ನೂ ಹೇಳಿದ ಕಣ್ಣಕ್ಕ, ಮೇಡಂ ತಮ್ಮ ಬಿಳಿ ಕೋಟಿನ ಎರಡನೇ ಗುಂಡಿಯನ್ನು ಮೂರನೇ ಕಾಜಿಗೆ ಹಾಕಿಕೊಂಡಿದ್ದಾರೆ ಎಂಬುದನ್ನೂ ಸೇರಿಸಿದಳು. ಕೆಲಸ ಅಲ್ಲೇ ಖಾಯಂ ಆಯಿತು.

ಎರಡನೇ ಮಹಡಿಯ ತುದಿಯಲ್ಲಿ ಇಲಿಮನೆ. ಒಳಗೆ ಹೋದರೆ ಮರದ ಹೊಟ್ಟಿನ ವಾಸನೆ, ಮಂದ ಬೆಳಕು, ಸಾಲಾಗಿ ಜೋಡಿಸಿದ ಪಂಜರಗಳು, ಅವುಗಳಲ್ಲಿ ಬಿಳಿ ಮೈಯ, ಗುಲಾಬಿ ಕಣ್ಣಿನ ಇಲಿಗಳು. ಅಲ್ಲಿ ನಡೆಯುತ್ತಿದ್ದುದು ಫಿಟ್ಸಿನ ಮದ್ದುಗಳ ಪರೀಕ್ಷೆ. ಒಂದೇ ಮದ್ದನ್ನು ಜಾಸ್ತಿ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ, ಆದರೆ ಇಲಿ ಕುಡಿದವರ ಹಾಗೆ ತೂರಾಡುತ್ತದೆ. ಕಮ್ಮಿ ಕೊಟ್ಟರೆ ನೆಟ್ಟಗೆ ನಡೆಯುತ್ತದೆ, ಫಿಟ್ಸ್ ಬಿಡುವುದಿಲ್ಲ. ಹಾಗಾದರೆ ಎರಡು ಬೇರೆ ಬೇರೆ ಮದ್ದುಗಳನ್ನು ಸ್ವಲ್ಪ ಸ್ವಲ್ಪ ಸೇರಿಸಿ ಕೊಟ್ಟರೆ ಫಿಟ್ಸೂ ಹಿಡಿತಕ್ಕೆ ಬಂದು ನಡಿಗೆಯೂ ನೆಟ್ಟಗಿರುತ್ತದೆಯೇ? ಇಷ್ಟೇ ಪ್ರಶ್ನೆ. ಇಲಿಗಳಲ್ಲಿ ನಾಲ್ಕು ಗುಂಪು. ಒಂದಕ್ಕೆ ಮೊದಲ ಮದ್ದು, ಇನ್ನೊಂದಕ್ಕೆ ಎರಡನೆಯದು, ಮತ್ತೊಂದಕ್ಕೆ ಜೋಡಿ ಮದ್ದು, ಉಳಿದದ್ದಕ್ಕೆ ಬರೀ ಉಪ್ಪುನೀರು. ಮದ್ದು ಕೊಟ್ಟ ಮೇಲೆ ಮೊದಲು ತಿರುಗುವ ಕೋಲಿನ ಮೇಲೆ ನಡೆಸಿ, ಯಾವುದು ಬೀಳುತ್ತದೆ ನೋಡಬೇಕು. ಆಮೇಲೆ ಫಿಟ್ಸ್ ಬರಿಸುವ ಚುಚ್ಚುಮದ್ದು ಕೊಟ್ಟು, ಅದು ಎಷ್ಟು ಜೋರಾಗಿ ಬಂತು ಎಂದು ಅಂಕಿ ಹಾಕಬೇಕು. ಬರದಿದ್ದರೆ ಸೊನ್ನೆ, ತಲೆ ಕೊಡವಿದರೆ ಎರಡು, ಹಿಂಗಾಲ ಮೇಲೆ ಎದ್ದು ನಿಂತು ಅದುರಿದರೆ ನಾಲ್ಕು, ಉರುಳಿ ಬಿದ್ದರೆ ಐದು.

ಅಂಕಿ ಹಾಕುವವರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಎಂದು ಗೊತ್ತಿರಕೂಡದು. ಅದೇ ಕಣ್ಣಕ್ಕನ ಕೆಲಸದ ಮುಖ್ಯ ಅರ್ಹತೆ. ಮದ್ದು ಬೆರೆಸಿ ಸಿರಿಂಜಿಗೆ ತುಂಬುವವನನ್ನು ಎಲ್ಲರೂ ಕಾಂಪೌಂಡರ್ ಎಂದು ಕರೆಯುತ್ತಿದ್ದರು. ಅವನು ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಇಲಿಗಳ ಬಾಲಕ್ಕೆ ಮಾರ್ಕರಿನಿಂದ ಬಣ್ಣ ಹಚ್ಚಿ ಹೊರಗೆ ಕಳಿಸುತ್ತಿದ್ದ. ಯಾವ ಬಣ್ಣಕ್ಕೆ ಯಾವ ಮದ್ದು ಎಂಬ ಗುಟ್ಟು ಅವನ ತಲೆಯಲ್ಲಿ ಮತ್ತು ಮೇಡಂ ಬೀಗ ಹಾಕಿಟ್ಟ ಲಕೋಟೆಯಲ್ಲಿ. ಶುರುವಿನಲ್ಲಿ ಕಣ್ಣಕ್ಕ ಅವನ ಬಾಯಿ ಬಿಡಿಸಲು ಚಹಾ ಕೊಡಿಸಿದಳು, ಬಿಸ್ಕತ್ತು ಕೊಡಿಸಿದಳು. ಅವನು ಎರಡನ್ನೂ ಮುಗಿಸಿ, ಹವಾಮಾನದ ಬಗ್ಗೆ ಮಾತಾಡಿ ಎದ್ದುಹೋದ.

ಫಿಟ್ಸ್ ಅವಳಿಗೆ ಹೊಸದಾಗಿರಲಿಲ್ಲ. ಅವಳ ಮಗಳಿಗೆ ಹೈಸ್ಕೂಲಿನ ದಿನಗಳಿಂದಲೂ ಇತ್ತು. ಕೆಲಸಕ್ಕೆ ಸೇರಿದ ದಿನವೇ ಅದನ್ನು ಮೇಡಮ್ಮಿಗೆ ಹೇಳಿಬಿಟ್ಟಿದ್ದಳು, ಹೇಳದೆ ಇರಲು ಅವಳಿಂದ ಎಲ್ಲಿ ಸಾಧ್ಯ. ಇಲಿಗಳನ್ನು ಮನೆಗೆ ಕರೆದುಕೊಂಡು ಹೋಗಬೇಡಿ, ಮನೆಯನ್ನು ಇಲ್ಲಿಗೆ ತರಬೇಡಿ ಎಂದಷ್ಟೇ ಮೇಡಂ ಅಂದಿದ್ದರು. ಆಗಲಿ ಎಂದಿದ್ದಳು. ಆದರೂ ಪ್ರತಿ ಇಲಿ ಅದುರುವಾಗಲೂ ಅವಳಿಗೆ ಮಗಳೇ ಕಾಣುತ್ತಿದ್ದಳು. ಮುಗಿದ ಮೇಲೆ ಅದನ್ನು ಅಂಗೈ ಮೇಲಿಟ್ಟುಕೊಂಡು, ಆಯ್ತು ಆಯ್ತು, ಎಲ್ಲ ಆಯ್ತು ಎಂದು ಬೆನ್ನು ಸವರಿಯೇ ಪಂಜರಕ್ಕೆ ಬಿಡುತ್ತಿದ್ದಳು.

ಮಗಳಿಗೆ ಒಂದೇ ಆಸೆ, ಕತ್ತರಿ ಹಿಡಿಯಬೇಕು. ಬೀದಿ ಮೂಲೆಯ ಪಾರ್ಲರಿನಲ್ಲಿ ಕೂದಲು ಕತ್ತರಿಸುವುದನ್ನು ಕಲಿಯಲು ಸೇರಿದ್ದಳು. ಆದರೆ ದೊಡ್ಡ ಡೋಸಿನ ಮಾತ್ರೆಯಿಂದ ಫಿಟ್ಸ್ ನಿಂತಿದ್ದರೂ ಅವಳ ಕೈ ಸದಾ ನಡುಗುತ್ತಿತ್ತು. ಅಭ್ಯಾಸಕ್ಕೆ ಕೊಟ್ಟ ಬೊಂಬೆಯ ತಲೆ ಯಾರೋ ಜಗಳದಲ್ಲಿ ಜುಟ್ಟು ಹಿಡಿದು ಕಿತ್ತ ಹಾಗಾಗಿತ್ತು. ಪಾರ್ಲರ್ ನಡೆಸುವ ಆಂಟಿ ಒಳ್ಳೆಯವರೇ. ಆದರೂ ನಡುಗುವ ಕೈಗೆ ಗಿರಾಕಿಯ ಕಿವಿಯನ್ನು ಒಪ್ಪಿಸುವಷ್ಟು ಒಳ್ಳೆಯವರು ಯಾರಿದ್ದಾರೆ? ಹಾಗಾಗಿ ಹುಡುಗಿಯ ಪಾಲಿಗೆ ಬಂದದ್ದು ತಲೆ ತೊಳೆಯುವುದು, ಟವೆಲ್ ಮಡಿಸುವುದು, ಬಿದ್ದ ಕೂದಲು ಗುಡಿಸುವುದು. ಬೇರೆಯವರು ಕತ್ತರಿಸಿದ ಕೂದಲನ್ನು ಗುಡಿಸುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಕೊನೆಗೆ ಅವಳ ಡಾಕ್ಟರು ಹೊಸ ದಾರಿ ಹಿಡಿದರು. ಇದ್ದ ಮಾತ್ರೆಯನ್ನು ಇಳಿಸಿ, ಇನ್ನೊಂದನ್ನು ಸ್ವಲ್ಪವೇ ಸೇರಿಸೋಣ, ಎರಡೂ ಕೂಡಿ ಏನು ಮಾಡುತ್ತವೆ ನೋಡೋಣ ಎಂದರು. ಕಣ್ಣಕ್ಕ ಕುರ್ಚಿಯಿಂದ ಹಾರಿ ಬೀಳುವುದೊಂದು ಬಾಕಿ. ಇಲಿಮನೆಯಲ್ಲಿ ನಡೆಯುತ್ತಿದ್ದುದೂ ಅದೇ ಅಲ್ಲವೇ! ಡಾಕ್ಟರು ಒಂದು ಎಚ್ಚರಿಕೆಯನ್ನೂ ಹೇಳಿದ್ದರು. ಇವಳಿಗೆ ದೊಡ್ಡ ಫಿಟ್ಸ್ ಬರದಿದ್ದರೂ ನಡುವೆ ಮಿಕಮಿಕ ನೋಡುತ್ತ ಕಲ್ಲಾಗಿ ನಿಂತುಬಿಡುವುದು ಬರಬಹುದು, ಅದೂ ಫಿಟ್ಸೇ, ಬಂದದ್ದು ಅವಳಿಗೇ ತಿಳಿಯುವುದಿಲ್ಲ, ಹತ್ತಿರದವರೇ ಗಮನಿಸಬೇಕು. ಕೆಲವು ತಿಂಗಳು ಅದೇನೂ ಕಾಣಿಸದಿದ್ದರೆ ಕತ್ತರಿಗೆ ಒಪ್ಪಿಗೆ. ತಾಯಿ ಇದ್ದಾರಲ್ಲ, ಅವರಿಗಿಂತ ಚೆನ್ನಾಗಿ ನೋಡುವವರು ಯಾರು ಎಂದು ಡಾಕ್ಟರು ನಕ್ಕರು.

ಸರಿ, ಕಣ್ಣಕ್ಕ ಇಲ್ಲಿಯೂ ನೋಡತೊಡಗಿದಳು, ಅಲ್ಲಿಯೂ ನೋಡತೊಡಗಿದಳು. ಇಲಿಮನೆಯಲ್ಲಿ ನೋಡುವಾಗ ಅವಳಿಗೊಂದು ವಿಷಯ ಹೊಳೆಯಿತು. ಪ್ರತಿ ಸುತ್ತಿಗೂ ಬಾಲದ ಬಣ್ಣಗಳನ್ನು ಅದಲುಬದಲು ಮಾಡಬೇಕೆಂದು ಮೇಡಂ ಕಾಂಪೌಂಡರನಿಗೆ ಹೇಳಿದ್ದರು. ಅವನು ತನಗೆ ಗೊಂದಲವಾಗುತ್ತದೆಂದು ಎಲ್ಲ ಸುತ್ತಿಗೂ ಅದೇ ಬಣ್ಣ ಹಚ್ಚುತ್ತಿದ್ದ. ನೀಲಿ ಬಾಲದವು ಮೊದಲ ಸುತ್ತಿನಲ್ಲಿ ಕೋಲಿನ ಮೇಲೆ ಠಾಕುಠೀಕಾಗಿ ನಡೆದಿದ್ದವು, ಫಿಟ್ಸಿಗೂ ಅಷ್ಟಾಗಿ ಜಗ್ಗಿರಲಿಲ್ಲ. ಹಳದಿ ಬಾಲದ್ದೊಂದು ಕೋಲಿನಿಂದ ಧೊಪ್ಪೆಂದು ಬಿದ್ದಿತ್ತು, ಇನ್ನೊಂದು ಅವಳ ಗ್ಲೌಸು ಕಚ್ಚಿತ್ತು. ಕಣ್ಣಕ್ಕನ ತಲೆಯಲ್ಲಿ ತೀರ್ಪು ಬಂದೇಬಿಟ್ಟಿತು: ನೀಲಿಯೇ ಜೋಡಿ ಮದ್ದು, ಹಳದಿ ಬರೀ ಒಂಟಿ ಮದ್ದು. ಯಾರಿಗೂ ಹೇಳಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಒಂದು ಮಾತು ಅವಳ ಹೊಟ್ಟೆಯಲ್ಲಿ ಉಳಿಯಿತು, ಅದೂ ಉಳಿಯಬಾರದಿದ್ದ ಮಾತು.

ಅಲ್ಲಿಂದ ಮುಂದೆ ನೀಲಿ ಬಾಲದವು ಅವಳ ಮುದ್ದಿನ ಮಕ್ಕಳಾದವು, ಹಳದಿಯವಕ್ಕೆ ಅವಳು ಮಲತಾಯಿಯಾದಳು. ನೀಲಿಯದು ಎದ್ದು ನಿಂತರೆ, ಅದು ಸುಮ್ಮನೆ ಮೂಸಿ ನೋಡುತ್ತಿದೆ ಅನ್ನಿಸುತ್ತಿತ್ತು. ಹಳದಿಯದು ಮೀಸೆ ಅಲ್ಲಾಡಿಸಿದರೂ ಫಿಟ್ಸ್ ಶುರುವಾಯಿತು ಅನ್ನಿಸುತ್ತಿತ್ತು. ಇದರಲ್ಲಿ ಮೋಸದ ಲೆಕ್ಕಾಚಾರ ಎಳ್ಳಷ್ಟೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಹಾಗೇ ಕಾಣುತ್ತಿತ್ತು. ಮನೆಯಲ್ಲಿಯೂ ಅಷ್ಟೇ. ಮಗಳು ಬಾಚಣಿಗೆ ಹಿಡಿದು ಕಿಟಕಿಯ ಕಡೆ ನೋಡುತ್ತ ನಿಂತುಬಿಟ್ಟಳು, ಕರೆದರೆ ಓಗೊಡಲಿಲ್ಲ, ಆಮೇಲೆ ಏನೂ ಆಗದವಳ ಹಾಗೆ ಬಾಚಿಕೊಳ್ಳತೊಡಗಿದಳು. ಇನ್ನೊಂದು ದಿನ ಊಟದ ತಟ್ಟೆಯ ಮುಂದೆ ಮಿಕಮಿಕ ನೋಡುತ್ತ ಕೂತುಬಿಟ್ಟಳು. ಏನೋ ಯೋಚಿಸುತ್ತಿದ್ದಳು, ಈ ವಯಸ್ಸಿನಲ್ಲಿ ಯೋಚನೆ ಇರುವುದಿಲ್ಲವೇ ಎಂದುಕೊಂಡಳು ತಾಯಿ. ಡಾಕ್ಟರು ಕೇಳಿದಾಗ, ಏನೂ ಕಂಡಿಲ್ಲ ಎಂದಳು. ಹೇಗೂ ಹುಡುಗಿಯ ಕೈ ನಡುಗುವುದು ನಿಂತಿತ್ತು. ಬೊಂಬೆಯ ತಲೆ ಈಗ ಬೊಂಬೆಯ ತಲೆಯ ಹಾಗೇ ಕಾಣುತ್ತಿತ್ತು. ಮನೆಯಲ್ಲಿ ಎಲ್ಲರೂ ಗೆಲುವಾಗಿದ್ದರು, ಲಿಫ್ಟ್ ರಿಪೇರಿಯವನು ಕೂಡ ಒಂದೆರಡು ಮಾತು ಜಾಸ್ತಿ ಆಡುತ್ತಿದ್ದ.

ಹೀಗಿರುವಾಗ ಒಂದು ದಿನ ನೀಲಿ ಬಾಲದ ಇಲಿಯೊಂದು ಗಾಜಿನ ಪೆಟ್ಟಿಗೆಯಲ್ಲಿ ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಮುಂಗಾಲುಗಳನ್ನು ಪಟಪಟ ಅದುರಿಸಿತು. ಕಣ್ಣಕ್ಕ ಎರಡು ಎಂದು ಬರೆದಳು. ಬರೆದು ತಲೆ ಎತ್ತಿದಾಗ ಇಲಿ ಇನ್ನೂ ಹಾಗೇ ನಿಂತು ಅದುರುತ್ತಿತ್ತು. ಕಾಗದದ ಮೇಲಿನ ಎರಡನ್ನು ನೋಡಿದಳು, ಇಲಿಯನ್ನು ನೋಡಿದಳು. ಆದರೂ ಅಂಕಿಯನ್ನು ತಿದ್ದದೆ, ಕೈ ತೊಳೆದುಕೊಂಡು, ಬಸ್ಸು ಹಿಡಿದು ಮನೆಗೆ ಬಂದಳು.

ಮನೆಯಲ್ಲಿ ಮಗಳು ಟವೆಲ್ ಹೊದಿಸಿದ ಬೊಂಬೆಯನ್ನು ಅಡುಗೆಮನೆಯ ಮೇಜಿನ ಮೇಲೆ ಕೂರಿಸಿಕೊಂಡಿದ್ದಳು. ಮುಂದಿನ ಸಲ ಡಾಕ್ಟರು ಒಪ್ಪಿಗೆ ಕೊಟ್ಟೇ ಕೊಡುತ್ತಾರೆ, ಆಂಟಿ ಹೊಸ ಕತ್ತರಿ ತೆಗೆದಿಟ್ಟಿದ್ದಾರೆ ಎಂದು ಸಂಭ್ರಮದಿಂದ ಹೇಳಿದಳು. ಕಣ್ಣಕ್ಕ ಚಹಾದ ಪಾತ್ರೆಯನ್ನು ಒಲೆಯ ಮೇಲಿಡುತ್ತ, ನಿನಗೆ ಏನಾದರೂ ಹಾಗೆ ಬಂದ ಹಾಗೆ ಅನ್ನಿಸಿತ್ತೇನೆ ಎಂದು ಮೆಲ್ಲಗೆ ಕೇಳಿದಳು.

“ನಂಗೆ ಹೇಗಮ್ಮ ಗೊತ್ತಾಗುತ್ತೆ? ಬಂದಾಗ ನಾನೇ ಇರಲ್ವಲ್ಲ,” ಎಂದು ಮಗಳು ನಕ್ಕಳು. “ನೀನು ಇಲ್ಲ ಅಂದ್ರೆ ಇಲ್ಲ. ನಿನ್ನ ಕಣ್ಣು ನಂಬ್ಕೊಂಡೇ ಕತ್ತರಿ ಹಿಡೀತಿದೀನಿ.”

ಚಹಾ ಉಕ್ಕಿ ಒಲೆಯೆಲ್ಲ ಆಯಿತು. ಒರೆಸುತ್ತ ಒರೆಸುತ್ತ ಕಣ್ಣಕ್ಕನಿಗೆ ಬಾಚಣಿಗೆ ಹಿಡಿದು ನಿಂತ ಮಗಳು ಕಂಡಳು. ಬಾಚಣಿಗೆಯ ಜಾಗದಲ್ಲಿ ಕತ್ತರಿ ಇದ್ದಿದ್ದರೆ? ಕತ್ತರಿಯ ಮುಂದೆ ಯಾರದೋ ಕಿವಿ, ಯಾರದೋ ಕುತ್ತಿಗೆ ಇದ್ದಿದ್ದರೆ? ಅವಳಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನಿಜ ಹೇಳಿದರೆ ಡಾಕ್ಟರು ಹಳೆಯ ದೊಡ್ಡ ಡೋಸಿಗೇ ಮರಳಬಹುದು, ಕತ್ತರಿ ಕೈತಪ್ಪಬಹುದು. ಹೇಳದಿದ್ದರೆ ಆಗುವುದನ್ನು ಯೋಚಿಸಲೂ ಧೈರ್ಯ ಬರಲಿಲ್ಲ.

ಮರುದಿನ ಕೋಟು ಹಾಕಿಕೊಳ್ಳುವ ಮೊದಲೇ ಮೇಡಮ್ಮಿನ ಕೋಣೆಗೆ ಹೋಗಿ ನಿಂತಳು.

“ಮೇಡಂ, ನೀಲಿ ಬಾಲದವಕ್ಕೆ ನಾನು ಕಮ್ಮಿ ಹಾಕ್ತಿದೀನಿ. ನಾಲ್ಕಿದ್ರೆ ಎರಡು ಅಂತ.”

“ನೀಲಿ ಏನು ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ, ನಾನೇ ಅಂದ್ಕೊಂಡೆ. ಜೋಡಿ ಮದ್ದು ಗೆಲ್ಲಲಿ ಅಂತ ಆಸೆ ಮೇಡಂ. ಮಗಳಿಗೂ ಅದನ್ನೇ ಕೊಡ್ತಿರೋದು. ಬೇಕು ಅಂತ ತಪ್ಪು ಬರೀಲಿಲ್ಲ, ಆದ್ರೆ ಬೇಕಾದ್ದೇ ಕಾಣ್ತಿತ್ತು.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾವ ಸುತ್ತಿನಿಂದ ಹೀಗೆ ಎಂದು ಕೇಳಿದರು. ಮಗಳ ಮಾತ್ರೆ ಬದಲಾದ ಸುತ್ತಿನಿಂದ ಎಂದಳು. ಅಂದರೆ ಹೆಚ್ಚುಕಮ್ಮಿ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಮೇಡಂ ಕೂಗಾಡಲಿಲ್ಲ. ಕಾಂಪೌಂಡರನನ್ನು ಕರೆಸಿದರು, ಬಾಗಿಲು ಹಾಕಿಸಿದರು. ಅವನು ಹೊರಗೆ ಬಂದಾಗ ಅವನ ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. ಇವತ್ತೇ ಮನೆಗೆ ಕಳಿಸುತ್ತಾರೆ ಎಂದು ಕಣ್ಣಕ್ಕ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಮೇಡಂ ಇಲಿಮನೆಯ ಬಾಗಿಲಲ್ಲಿ ಬಂದು ನಿಂತರು.

“ಏನೂ ಆಸೆ ಇಲ್ಲದೆ ನೋಡೋರು ಯಾರೂ ಇಲ್ಲ ಕಣ್ಣಕ್ಕ, ನಾನೂ ಇಲ್ಲ. ಅದಕ್ಕೇ ಮುಚ್ಚಿಡೋದು. ತಪ್ಪು ನೋಡ್ದೆ ಅಂತ ತಾನೇ ಬಂದು ಹೇಳೋ ಕಣ್ಣು ನಂಗೆ ಬೇಕು. ಆದ್ರೆ ಈ ಸಲಕ್ಕೆ ಬೇಡ.”

ಹಾಗಾಗಿ ಹೊಸ ಸುತ್ತುಗಳು ಮುಗಿಯುವವರೆಗೆ ಕಣ್ಣಕ್ಕ ಪಂಜರ ತೊಳೆದಳು, ಹೊಟ್ಟು ಬದಲಿಸಿದಳು, ನೀರಿನ ಬಾಟಲಿ ತುಂಬಿದಳು. ಅಂಕಿ ಹಾಕಲು ಲೆಕ್ಕಪತ್ರ ವಿಭಾಗದಿಂದ ಒಬ್ಬ ಗುಮಾಸ್ತರನ್ನು ತರಬೇತಿ ಕೊಟ್ಟು ಕೂರಿಸಿದರು. ಲೋಕದ ಯಾವ ಸಂಗತಿಯಲ್ಲೂ ಆಸಕ್ತಿಯಿಲ್ಲದ ಮಹಾನುಭಾವರು ಅವರು. ಇಲಿ ಎದ್ದರೂ ಅಷ್ಟೇ, ಬಿದ್ದರೂ ಅಷ್ಟೇ. ಅವರಿಗಿದ್ದ ಒಂದೇ ಕುತೂಹಲ ಚಹಾ ಯಾವಾಗ ಬರುತ್ತದೆ ಎಂಬುದು. ಬಾಲಗಳ ಬಣ್ಣವೂ ಈಗ ಸುತ್ತಿಗೊಂದರಂತೆ ಬದಲಾಗತೊಡಗಿತು. ಕಾಂಪೌಂಡರ್ ಒಂದು ವಾರ ಕಣ್ಣಕ್ಕನ ಮುಖ ನೋಡಲಿಲ್ಲ. ಆಮೇಲೆ ಅವಳೇ ಚಹಾ ಕೊಡಿಸಿದಳು. ಈ ಸಲ ಏನನ್ನೂ ಕೇಳಲಿಲ್ಲ.

ಮನೆಯಲ್ಲಿ ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. ಮೇಡಮ್ಮಿಗೆ ಹೇಳಿದ ದಿನವೇ ಮಗಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ, ಬಾಚಣಿಗೆ ಹಿಡಿದು ನಿಂತದ್ದು, ಊಟದ ತಟ್ಟೆಯ ಮುಂದೆ ಮಿಕಮಿಕ ನೋಡಿದ್ದು, ಎಲ್ಲವನ್ನೂ ಬಿಚ್ಚಿಟ್ಟಳು. ಮಗಳು ಪಕ್ಕದ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದಳು, ಈ ಸಲ ಫಿಟ್ಸಿನಿಂದಲ್ಲ. ಕತ್ತರಿ ಮುಂದಕ್ಕೆ ಹೋಯಿತು. ದಾರಿಯುದ್ದಕ್ಕೂ ಹುಡುಗಿ ತಾಯಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆಗೆ ಬಂದು, ನೋಡಿದ ದಿನವೇ ಯಾಕೆ ಹೇಳಲಿಲ್ಲ ಎಂದು ಒಂದೇ ಒಂದು ಮಾತು ಕೇಳಿ, ಬೊಂಬೆಯನ್ನು ಬೀರುವಿನ ಮೇಲೆ ಎತ್ತಿಟ್ಟಳು. ಮಾತಿನ ಮಲ್ಲಿಯಾದ ಹೆಂಗಸು ಆ ದಿನ ಸಿಂಕಿನ ಮುಂದೆ ನಿಂತು ಅತ್ತಳು. ಗಂಡ ಬಂದು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತೊಳೆಯತೊಡಗಿದ.

ಅವಳು ಹೆದರಿದ ಹಾಗೆ ಡಾಕ್ಟರು ಹಳೆಯ ಡೋಸಿಗೆ ಮರಳಿರಲಿಲ್ಲ. ಎರಡನೇ ಮಾತ್ರೆಯನ್ನೇ ಸ್ವಲ್ಪ ಏರಿಸಿದ್ದರು. ಇದು ಮೊದಲೇ ತಿಳಿದಿದ್ದರೆ ಇಷ್ಟು ದಿನ ಹಾಳಾಗುತ್ತಿರಲಿಲ್ಲ ಎಂದಷ್ಟೇ ಅಂದಿದ್ದರು. ಕಣ್ಣಕ್ಕ ಈಗ ಕಂಡದ್ದನ್ನು ಕಂಡ ಹಾಗೆ, ಕಂಡ ಕೂಡಲೇ ಮಗಳಿಗೇ ಹೇಳತೊಡಗಿದಳು. ಈಗ ನಿಂತೆ ನೋಡು, ಕರೆದೆ, ನೀನು ಕೇಳಲಿಲ್ಲ. ಮೊದಮೊದಲು ಹುಡುಗಿ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು. ಬರಬರುತ್ತ ತಾನೇ, ಇವತ್ತು ಇತ್ತಾ ಎಂದು ಕೇಳುವಂತಾದಳು. ಇಲ್ಲ ಎಂಬ ಉತ್ತರ ಹೆಚ್ಚಾಗುತ್ತ ಹೋಗಿ, ಒಂದು ದಿನ ಬೊಂಬೆ ಬೀರುವಿನಿಂದ ಕೆಳಗೆ ಇಳಿಯಿತು.

ಅಷ್ಟರಲ್ಲಿ ಇಲಿಮನೆಯ ಸುತ್ತುಗಳೂ ಮುಗಿದವು. ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಬೀಗ ತೆಗೆದು, ಲಕೋಟೆ ಒಡೆದರು. ಗುಮಾಸ್ತರ ಅಂಕಿಗಳ ಪ್ರಕಾರ ಜೋಡಿ ಮದ್ದಿನ ಇಲಿಗಳು, ಒಂದೊಂದೇ ಮದ್ದು ಪಡೆದವುಗಳಿಗಿಂತ ಸ್ಪಷ್ಟವಾಗಿ ಮೇಲಾಗಿದ್ದವು. ಕೆಲವಕ್ಕೆ ಫಿಟ್ಸ್ ಬಂದೇ ಇತ್ತು, ಪವಾಡವೇನೂ ಅಲ್ಲ. ಆದರೂ ಕೋಲಿನ ಮೇಲೆ ನೆಟ್ಟಗೆ ನಡೆದಿದ್ದವು. ಕಣ್ಣಕ್ಕ ಖುಷಿಯಿಂದ, ನೀಲಿಯವು ಗೆದ್ದವು ಎಂದು ಪಕ್ಕದವರ ಭುಜ ತಟ್ಟಿದಳು. ಮೇಡಂ ಅವಳತ್ತ ತಿರುಗಿ, ಹಳೆಯ ಬಣ್ಣಗಳಲ್ಲಿ ಹೇಳುವುದಾದರೆ ನೀಲಿ ಬರೀ ಎರಡನೇ ಮದ್ದು, ಜೋಡಿ ಮದ್ದು ಕೊಟ್ಟಿದ್ದು ಹಳದಿಗೆ ಎಂದರು.

ಕಣ್ಣಕ್ಕನ ಕೈ ಪಕ್ಕದವರ ಭುಜದ ಮೇಲೆಯೇ ನಿಂತಿತು. ಯಾವುದು ಗೆಲ್ಲಲಿ ಎಂದು ಹಗಲೂ ರಾತ್ರಿ ಹಂಬಲಿಸಿದ್ದಳೋ ಅದನ್ನೇ ಕೈಯಾರೆ ಸೋಲಿಸುತ್ತಿದ್ದಳು. ಆ ದಿನ ಮೇಡಮ್ಮಿನ ಕೋಣೆಗೆ ಹೋಗದಿದ್ದರೆ ಜೋಡಿ ಮದ್ದು ಅವಳ ಅಂಕಿಗಳ ದೆಸೆಯಿಂದಲೇ ಕಸದ ಬುಟ್ಟಿ ಸೇರುತ್ತಿತ್ತು. ಸಭೆ ಮುಗಿದ ಮೇಲೆ, ಮೊದಲು ಹಳದಿ ಬಾಲ ಹೊತ್ತಿದ್ದ ಇಲಿಯ ಪಂಜರಕ್ಕೆ ಹೋಗಿ, ತಪ್ಪಾಯ್ತು ಕಣೋ ಎಂದು ಬೆನ್ನು ಸವರಲು ಕೈ ಚಾಚಿದಳು. ಅದು ಮತ್ತೆ ಗ್ಲೌಸು ಕಚ್ಚಿತು.

ಡಾಕ್ಟರ ಒಪ್ಪಿಗೆ ಸಿಕ್ಕ ವಾರ, ಪಾರ್ಲರಿನಲ್ಲಿ ಮೊದಲ ತಲೆ ಯಾರದು ಎಂಬ ಪ್ರಶ್ನೆ ಎದ್ದಿತು. ಗಿರಾಕಿಗಳೆಲ್ಲ ಗಡಿಯಾರ ನೋಡಿಕೊಂಡರು. ಕಣ್ಣಕ್ಕ ಕೆಲಸದಿಂದ ನೇರವಾಗಿ ಬಂದು, ತನ್ನ ಉದ್ದ ಜಡೆ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತಳು. ಮಗಳು ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿದಳು.

“ನೋಡ್ಬೇಡಮ್ಮ. ಕಣ್ಣು ಮುಚ್ಕೋ. ನೀನು ನೋಡ್ತಾ ಇದ್ರೆ ನನ್ನ ಕೈ ನಡುಗುತ್ತೆ.”

ಕಣ್ಣಕ್ಕ ಕಣ್ಣು ಮುಚ್ಚಿದಳು. ಅವಳ ಬದುಕಿನಲ್ಲೇ ಅಷ್ಟು ಕಷ್ಟದ ಕೆಲಸ ಬಂದಿರಲಿಲ್ಲ. ಕತ್ತರಿ ಕಚಕಚ ಎನ್ನುತ್ತ ಬೆನ್ನಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಯ ಹತ್ತಿರಕ್ಕೆ ಬಂತು. ಅಲ್ಲಿ ಸದ್ದು ನಿಂತಿತು. ತಣ್ಣನೆಯ ಅಲಗು ಕಿವಿಗೆ ತಾಗಿಕೊಂಡೇ ಇತ್ತು. ಆಂಟಿಯ ಮಾತೂ ಇಲ್ಲ, ಮಗಳ ಉಸಿರೂ ಇಲ್ಲ. ಕುರ್ಚಿಯ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ರೆಪ್ಪೆ ಅದುರಿತು, ಆದರೆ ತೆರೆಯಲಿಲ್ಲ.

“ತಲೆ ಅಲ್ಲಾಡಿಸ್ಬೇಡ, ಅಳತೆ ನೋಡ್ತಿದೀನಿ,” ಎಂದಳು ಮಗಳು. ಕತ್ತರಿ ಮತ್ತೆ ಕಚಕಚ ಎಂದಿತು.

ಮುಗಿದ ಮೇಲೆ ಕುರ್ಚಿ ಕನ್ನಡಿಯತ್ತ ತಿರುಗಿತು. ಆಂಟಿ, ಗಿರಾಕಿಗಳು, ಕೆಲಸದ ಕೋಟನ್ನು ಬಿಚ್ಚದೆ ಹಾಗೇ ಬಂದು ಬಾಗಿಲಲ್ಲಿ ನಿಂತಿದ್ದ ಲಿಫ್ಟ್ ರಿಪೇರಿಯವನು, ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣಕ್ಕ ಅದನ್ನು ನುಂಗಿಕೊಂಡು, ಕನ್ನಡಿಗೆ ಹತ್ತಿರ ಬಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು.

“ಎಡಗಡೆ ಅರ್ಧ ಬೆರಳು ಗಿಡ್ಡ ಇದೆ,” ಎಂದಳು.

ಮಗಳು ಬಗ್ಗಿ ನೋಡಿದಳು. ಎರಡೂ ಕಡೆಯ ಕೂದಲನ್ನು ಬೆರಳುಗಳ ನಡುವೆ ಹಿಡಿದು ಅಳೆದಳು. ಅವಳ ಮುಖ ನಿಧಾನವಾಗಿ ಅರಳಿತು.

“ಹೌದು,” ಎಂದಳು. “ಸರಿಯಾಗಿ ನೋಡಿದೀಯ. ಕೂತ್ಕೋ.” ಕುರ್ಚಿಯನ್ನು ಕನ್ನಡಿಗೆ ಎದುರಾಗಿಯೇ ಬಿಟ್ಟು, ಬಲಗಡೆಯ ಕೂದಲಿಗೆ ಕತ್ತರಿ ಹಚ್ಚಿದಳು.